ನಂಬಿಕೆ ಎಷ್ಟು ಗಟ್ಟಿ, ಪಾಲು ಎಷ್ಟು ದೊಡ್ಡದು

ಒಂದು ಕಂಪನಿಯ ಹಳೆಯ ಲೆಕ್ಕಪತ್ರಗಳನ್ನೆಲ್ಲ ಜಾಲಾಡಿ, ಪೈಪೋಟಿಯಲ್ಲಿರುವ ಕಂಪನಿಗಳ ಜೊತೆ ತೂಗಿ ನೋಡಿ, 'ಈ ಷೇರು ಕೊಳ್ಳಲೇಬೇಕು' ಎಂಬ ತೀರ್ಮಾನಕ್ಕೆ ಬರಲು ಜನ ಮೂರು ವಾರ ತೆಗೆದುಕೊಳ್ಳುತ್ತಾರೆ. ಎಷ್ಟು ಕೊಳ್ಳಬೇಕು ಎನ್ನುವುದು ಮಾತ್ರ ಅರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಹೊತ್ತಿಗೆ ಖಾತೆಯಲ್ಲಿ ಎಷ್ಟಿದೆಯೋ ಅಷ್ಟು; ಇಲ್ಲವಾದರೆ ಕಣ್ಣಿಗೆ ಹಿತವೆನಿಸುವ ಒಂದು ದುಂಡು ಮೊತ್ತ. ಹತ್ತು ವರ್ಷದ ಮೇಲೆ ತಿರುಗಿ ನೋಡಿದಾಗ ಬಂಡವಾಳ ಎಲ್ಲಿ ನಿಂತಿದೆ ಎಂಬುದರಲ್ಲಿ ಆ ಅರೆ ನಿಮಿಷದ ಕೈವಾಡ ಮೂರು ವಾರದ ಓದಿಗಿಂತ ಕಡಿಮೆಯೇನೂ ಇರುವುದಿಲ್ಲ.

ಮಾರುಕಟ್ಟೆಯ ಮಂದಿ ಕನ್ವಿಕ್ಷನ್ ಎನ್ನುವುದನ್ನು ಇಲ್ಲಿ ನಂಬಿಕೆ ಎಂದೇ ಕರೆಯುತ್ತೇನೆ. ಒಟ್ಟು ಬಂಡವಾಳದಲ್ಲಿ ಒಂದು ಹೂಡಿಕೆಗೆ ಕೊಟ್ಟ ಶೇಕಡಾವಾರು, ಅಂದರೆ ಅವರ ಬಾಯಲ್ಲಿ ಪೊಸಿಷನ್ ಸೈಜ್, ಇಲ್ಲಿ ಪಾಲು. ನಂಬಿಕೆ ಹೆಚ್ಚಿದಷ್ಟೂ ಪಾಲು ಹೆಚ್ಚಬೇಕು ಎಂಬ ಮಾತು ಕೇಳಲು ಸಹಜವಾಗಿಯೇ ಇದೆ. ಆದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ನಾನು ಸರಿಯಿರುವ ಸಾಧ್ಯತೆ ಎಷ್ಟು ಎಂಬುದು ನಂಬಿಕೆಯ ಪ್ರಶ್ನೆ. ತಪ್ಪಾದರೆ ಎಷ್ಟು ಹೋಗುತ್ತದೆ, ಹೋದ ಮೇಲೂ ಆಟದಲ್ಲಿ ಉಳಿದಿರುತ್ತೇನೆಯೇ ಎಂಬುದು ಪಾಲಿನ ಪ್ರಶ್ನೆ. ಎರಡನೆಯದನ್ನು ಮೊದಲು ಲೆಕ್ಕ ಹಾಕಿ ಬೇಲಿ ಕಟ್ಟಬೇಕು. ನಂಬಿಕೆ ಏನಿದ್ದರೂ ಆ ಬೇಲಿಯೊಳಗೆ ಮೇಯಬೇಕು ಎಂಬುದು ನನ್ನ ನಿಲುವು.

ಸರಿಯಿದ್ದೂ ಮುಳುಗುವುದು ಸಾಧ್ಯ. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರು ಮೊದಲ ಮಹಾಯುದ್ಧದ ನಂತರದ ಪ್ಯಾರಿಸ್ ಶಾಂತಿ ಸಮಾವೇಶದಲ್ಲಿ ಬ್ರಿಟಿಷ್ ಖಜಾನೆಯ ಪ್ರತಿನಿಧಿಯಾಗಿದ್ದವರು. ಯುರೋಪಿನ ನಾಣ್ಯಗಳು ನೆಲಕಚ್ಚುತ್ತವೆ ಎಂದು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಫ್ರಾಂಕ್, ಮಾರ್ಕ್, ಲಿರಾಗಳ ವಿರುದ್ಧ, ಡಾಲರಿನ ಪರವಾಗಿ ಅವರು ವಹಿವಾಟು ಮಾಡಿದರು, ಅದೂ ಸ್ವಂತ ಹಣದ ಹಲವು ಪಟ್ಟು ಮೊತ್ತದಲ್ಲಿ. 1920ರ ಮೇ ತಿಂಗಳಲ್ಲಿ ಕೆಲವೇ ವಾರ ಆ ನಾಣ್ಯಗಳು ಚೇತರಿಸಿಕೊಂಡವು. ಅಷ್ಟಕ್ಕೇ ಅವರ ಹಣವೂ ಸ್ನೇಹಿತರ ಹಣವೂ ಕರಗಿತು. ಮತ್ತೆ ಶುರುಮಾಡಲು ಸಾಲ ಪಡೆಯಬೇಕಾಯಿತು. ಮೂರು ವರ್ಷದ ಮೇಲೆ ಜರ್ಮನಿಯ ಮಾರ್ಕ್ ಬೆಲೆಯಿಲ್ಲದ ಕಾಗದವಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಅವರ ಅಂದಾಜಿನಲ್ಲಿ ದೋಷವಿರಲಿಲ್ಲ. ಆ ಅಂದಾಜು ನಿಜವಾಗುವವರೆಗೆ ಕಾಯುವ ಶಕ್ತಿ ಅಷ್ಟು ದೊಡ್ಡ ಪಾಲಿಗೆ ಇರಲಿಲ್ಲ.

ನಾಣ್ಯ ಚಿಮ್ಮುವ ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡಲು ಒಂದು ಓರೆ ನಾಣ್ಯ ಸಾಕು. ನೂರಕ್ಕೆ 60 ಸಲ ತಲೆ ಬೀಳುವ ನಾಣ್ಯ. ಗೆದ್ದರೆ ಪಣದಷ್ಟೇ ಲಾಭ, ಸೋತರೆ ಪಣ ಹೋಯಿತು. ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಇಲ್ಲಿ ಪ್ರತಿಸಲ ಕೈಯಲ್ಲಿರುವ ಹಣದ ಶೇ 20ರಷ್ಟನ್ನು ಪಣಕ್ಕಿಟ್ಟರೆ ದೀರ್ಘಾವಧಿಯ ಬೆಳವಣಿಗೆ ಅತಿ ಹೆಚ್ಚು. 100 ಸಲ ಆಡಿ 60 ಗೆದ್ದು 40 ಸೋತರೆ ಹಣ ಸುಮಾರು 7.5 ಪಟ್ಟಾಗುತ್ತದೆ. ಶೇ 10 ಇಟ್ಟವರದು 4.5 ಪಟ್ಟು. ಶೇ 40 ಇಟ್ಟವರ ಹಣ, ಅದೇ 60 ಗೆಲುವುಗಳ ನಂತರವೂ, ಶುರುವಿನಲ್ಲಿದ್ದದ್ದರ ಶೇ 78ಕ್ಕೆ ಇಳಿದಿರುತ್ತದೆ. ನಾಣ್ಯ ಅದೇ, ಅದೃಷ್ಟವೂ ಅದೇ. ಪಾಲು ಮಾತ್ರ ಬೇರೆ.

ಇದಕ್ಕಿಂತ ಮುಖ್ಯವಾದದ್ದು ಮುಂದಿದೆ. ನಾಣ್ಯ 60 ಎಂದು ನಂಬಿದ್ದೀರಿ, ನಿಜದಲ್ಲಿ ಅದು 55. ಬರಿಯ ಐದು ಅಂಶದ ಅತಿನಂಬಿಕೆ. ಶೇ 20ರ ಪಣದಲ್ಲಿ 100 ಆಟದ ನಂತರ ಬೆಳವಣಿಗೆ ಪೂರ್ತಿ ಮಾಯ. ಹಣ ಇದ್ದಲ್ಲೇ ಇರುತ್ತದೆ, ಕೂದಲೆಳೆಯಷ್ಟು ಕಡಿಮೆಯೇ. ಶೇ 10 ಇಟ್ಟವರು ಆಗಲೂ 1.65 ಪಟ್ಟಿನಲ್ಲಿರುತ್ತಾರೆ. ಕೆಲ್ಲಿ ಸೂತ್ರ ಹೇಳಿದ್ದರ ಅರ್ಧ ಹಾಕಿ ಎಂದು ಅನುಭವಿಗಳು ಹೇಳುವುದರ ಹಿಂದಿರುವುದು ಈ ಲೆಕ್ಕ: ನಂಬಿಕೆ ಸರಿಯಿದ್ದಾಗ ಬೆಳವಣಿಗೆಯ ವೇಗದಲ್ಲಿ ಕಾಲುಭಾಗ ಬಿಟ್ಟುಕೊಡುತ್ತೀರಿ, ತಪ್ಪಿದ್ದಾಗ ಉಳಿದುಕೊಳ್ಳುತ್ತೀರಿ. ಹಣ ಎಂದಾದರೊಮ್ಮೆ ಶುರುವಿನ ಅರ್ಧಕ್ಕೆ ಕುಸಿಯುವ ಸಾಧ್ಯತೆ, ಸೂತ್ರದ ಹಿಂದಿನ ಗಣಿತದ ಪ್ರಕಾರ, ಪೂರ್ತಿ ಕೆಲ್ಲಿಯಲ್ಲಿ ಶೇ 50. ಅರ್ಧ ಕೆಲ್ಲಿಯಲ್ಲಿ ಸುಮಾರು ಶೇ 12.5.

ವಿಕ್ಟರ್ ಹಘಾನಿ ಮತ್ತು ರಿಚರ್ಡ್ ಡ್ಯೂಯಿ ಇದೇ ಆಟವನ್ನು 61 ಜನರಿಂದ ಆಡಿಸಿದರು. ಹೆಚ್ಚಿನವರು ಹಣಕಾಸು ಓದುತ್ತಿದ್ದವರು ಅಥವಾ ಆ ಕ್ಷೇತ್ರದಲ್ಲೇ ದುಡಿಯುತ್ತಿದ್ದವರು. ತಲೆ ಬೀಳುವ ಸಾಧ್ಯತೆ ಶೇ 60 ಎಂದು ಮೊದಲೇ ಹೇಳಿ, 25 ಡಾಲರ್ ಕೊಟ್ಟು, ಅರ್ಧ ಗಂಟೆ ಬಿಟ್ಟರು. ಶೇ 28 ಜನ ಎಲ್ಲವನ್ನೂ ಕಳೆದುಕೊಂಡರು. ಅಲ್ಲಿ ಯಾರಿಗೂ ಮಾಹಿತಿಯ ಕೊರತೆ ಇರಲಿಲ್ಲ, ನಂಬಬೇಕಾದ ಸಂಖ್ಯೆಯನ್ನು ಕೈಗೇ ಕೊಟ್ಟಿದ್ದರು. ಕೊರತೆಯಿದ್ದದ್ದು ಪಾಲಿನ ಲೆಕ್ಕದಲ್ಲಿ. ಷೇರಿನಲ್ಲಿ ಆ 60 ಎಂಬ ಸಂಖ್ಯೆಯನ್ನೂ ನಾವೇ ಊಹಿಸಬೇಕು.

ನಂಬಿಕೆ ಹುಟ್ಟುವ ಬಗೆ

ಹೆಚ್ಚು ಓದಿದರೆ ನಂಬಿಕೆ ಗಟ್ಟಿಯಾಗುತ್ತದೆ, ನಿಜ. ಅದು ಹೆಚ್ಚು ಸರಿಯೂ ಆಗುತ್ತದೆಯೇ? ಮನಶ್ಶಾಸ್ತ್ರಜ್ಞ ಸ್ಟುವರ್ಟ್ ಆಸ್ಕಾಂಪ್ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 32 ಜನರಿಗೆ ಒಬ್ಬ ವ್ಯಕ್ತಿಯ ಜೀವನ ವಿವರಗಳನ್ನು ನಾಲ್ಕು ಕಂತಿನಲ್ಲಿ ಕೊಟ್ಟು, ಪ್ರತಿ ಕಂತಿನ ನಂತರವೂ ಅದೇ ಪ್ರಶ್ನೆಗಳನ್ನು ಕೇಳಿದರು. ಓದುತ್ತ ಹೋದಂತೆ ಅವರ ಆತ್ಮವಿಶ್ವಾಸ ಶೇ 33ರಿಂದ 53ಕ್ಕೆ ಏರಿತು. ಉತ್ತರಗಳ ನಿಖರತೆ ಮೊದಲಿನಿಂದ ಕೊನೆಯವರೆಗೂ ಶೇ 30 ಮುಟ್ಟಲಿಲ್ಲ. ಹತ್ತನೆಯ ವರದಿ ಓದುವವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಬೇಕು: ಆ ವರದಿ ಕೊಡುತ್ತಿರುವುದು ತಿಳಿವಳಿಕೆಯೋ, ಧೈರ್ಯವೋ?

ಇನ್ನೆರಡು ಮೂಲಗಳು ಇದಕ್ಕಿಂತ ಅಪಾಯಕಾರಿ. ಒಂದು, ಎರವಲು ನಂಬಿಕೆ. ಹೆಸರಾಂತ ಹೂಡಿಕೆದಾರರೊಬ್ಬರು ಕೊಂಡಿದ್ದಾರೆಂದು ಕೊಳ್ಳುವುದು. ಅವರ ಒಟ್ಟು ಬಂಡವಾಳದಲ್ಲಿ ಆ ಷೇರಿನ ಪಾಲು ಶೇ 1 ಇರಬಹುದು, ನಿಮ್ಮಲ್ಲಿ ಶೇ 20. ಅವರು ಮಾರಿದ್ದು ನಿಮಗೆ ತಿಳಿಯುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಬೆಲೆ ಶೇ 30 ಬಿದ್ದ ದಿನ, ಏಕೆ ಕೊಂಡೆ ಎಂಬ ಪ್ರಶ್ನೆಗೆ ನಿಮ್ಮದೇ ಉತ್ತರವಿಲ್ಲದಿದ್ದರೆ ಹಿಡಿದಿಡುವ ಬಲವೂ ಇರುವುದಿಲ್ಲ, ಮಾರುವ ಕಾರಣವೂ ಇರುವುದಿಲ್ಲ.

ಇನ್ನೊಂದು ಹೆಚ್ಚು ಸೂಕ್ಷ್ಮ: ದೊಡ್ಡ ಪಾಲು ತಾನೇ ನಂಬಿಕೆಯನ್ನು ಹುಟ್ಟಿಸುತ್ತದೆ. ಶೇ 3 ಇದ್ದಾಗ ಕಂಪನಿಯ ಕೆಟ್ಟ ಸುದ್ದಿ ಬರಿಯ ಮಾಹಿತಿ. ಶೇ 35 ಇದ್ದಾಗ ಅದೇ ಸುದ್ದಿ ನಮ್ಮ ಮೇಲಿನ ದಾಳಿಯಂತೆ ಕಾಣುತ್ತದೆ. ವಿರೋಧಿಸಿ ಬರೆದವರಿಗೆ ಏನೋ ಸ್ವಾರ್ಥವಿದೆ ಎನಿಸುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟ ಬರುವುದು ಮೊಲ ಕೈಗೆ ಸಿಕ್ಕ ಮೇಲೆ. ಇದನ್ನು ಪತ್ತೆಹಚ್ಚಲು ಒಂದು ಪ್ರಶ್ನೆ ಸಾಕು. ಈ ಷೇರು ನನ್ನಲ್ಲಿ ಒಂದೂ ಇಲ್ಲ, ಎಲ್ಲ ನಗದಾಗಿದೆ ಎಂದುಕೊಂಡರೆ ಇವತ್ತಿನ ಬೆಲೆಗೆ ಎಷ್ಟು ಪಾಲು ಕೊಳ್ಳುತ್ತಿದ್ದೆ? ಉತ್ತರ 8 ಬಂದು ಕೈಯಲ್ಲಿ 35 ಇದ್ದರೆ, ನಡುವಿನ 27 ನಂಬಿಕೆಯಿಂದ ಬಂದದ್ದಲ್ಲ.

ಬೇಲಿ ಕಟ್ಟುವ ಲೆಕ್ಕ

ಒಟ್ಟು ಬಂಡವಾಳ 100 ಎಂದಿಟ್ಟುಕೊಳ್ಳಿ. ಈ ಒಂದು ಹೂಡಿಕೆ ಕೈಕೊಟ್ಟರೆ ಆ 100ರಲ್ಲಿ ಎಷ್ಟು ಹೋದರೆ ತಡೆದುಕೊಳ್ಳಬಹುದು ಎಂದು ಮೊದಲು ಬರೆಯಿರಿ. 2 ಅಥವಾ 3 ಬಹಳ ಜನರಿಗೆ ಒಗ್ಗುವ ಸಂಖ್ಯೆ. ಆಮೇಲೆ, ನನ್ನ ಲೆಕ್ಕಾಚಾರ ತಪ್ಪು ಎಂದು ಗೊತ್ತಾಗುವ ಹೊತ್ತಿಗೆ ಬೆಲೆ ಶೇ ಎಷ್ಟು ಬಿದ್ದಿರುತ್ತದೆ ಎಂದು ಬರೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದು ಗರಿಷ್ಠ ಪಾಲು. ತಡೆದುಕೊಳ್ಳುವುದು 3, ಬೀಳುವುದು ಶೇ 60 ಆದರೆ ಪಾಲು 5. ಬೀಳುವುದು ಶೇ 30 ಮಾತ್ರ ಎಂದಾದರೆ 10. ಈ ಲೆಕ್ಕದಲ್ಲಿ ನಂಬಿಕೆ ಎಂಬ ಪದ ಎಲ್ಲಿಯೂ ಬಂದಿಲ್ಲ, ಬರಬಾರದು ಕೂಡ.

ಕಷ್ಟವಿರುವುದು ಎಷ್ಟು ಬೀಳುತ್ತದೆ ಎಂಬ ಅಂದಾಜಿನಲ್ಲಿ. ಪ್ರತಿ ಷೇರಿನ ಗಳಿಕೆ 10, ಬೆಲೆ 200, ಅಂದರೆ ಗಳಿಕೆಯ 20 ಪಟ್ಟು. ಲೆಕ್ಕ ತಪ್ಪಿ ಗಳಿಕೆ 7ಕ್ಕೆ ಇಳಿದರೆ ಬೆಲೆ ಶೇ 30 ಬೀಳಬಹುದು ಎಂದು ಬಹುಪಾಲು ಜನ ಬರೆದುಕೊಳ್ಳುತ್ತಾರೆ. ಗಳಿಕೆ ಇಳಿದ ಕಂಪನಿಗೆ ಮಾರುಕಟ್ಟೆ 20 ಪಟ್ಟು ಕೊಡುವುದಿಲ್ಲ. 12 ಪಟ್ಟು ಕೊಟ್ಟರೆ ಬೆಲೆ 84, ಕುಸಿತ ಶೇ 58. ಗಳಿಕೆಯೂ ಪಟ್ಟೂ ಒಟ್ಟಿಗೇ ಇಳಿಯುತ್ತವೆ, ಹೊಡೆತ ಗುಣಾಕಾರದಲ್ಲಿ ಬೀಳುತ್ತದೆ. ಹಿಂದಿನ ಕೆಟ್ಟ ವರ್ಷಗಳಲ್ಲಿ ಆ ಷೇರಿಗೆ ಸಿಕ್ಕ ಅತಿ ಕಡಿಮೆ ಪಟ್ಟು ಎಷ್ಟೆಂದು ಹುಡುಕಿ ಅದನ್ನೇ ಬಳಸಿ. ಕಾರ್ಯಾಚರಣೆಯ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗುವ ಕಂಪನಿಯಾದರೆ ಕುಸಿತವನ್ನು ಶೇ 100 ಎಂದೇ ಹಿಡಿಯಿರಿ. ಸಾಲ ಕೊಟ್ಟವರದು ತೀರಿದ ಮೇಲೆ ಷೇರುದಾರರಿಗೆ ಏನೂ ಉಳಿಯದಿರುವುದು ಅಪರೂಪವಲ್ಲ.

ಸ್ಟಾಪ್‌ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ಮೊದಲೇ ಕೊಟ್ಟಿಟ್ಟ ಆದೇಶ, ಇದೆಯಲ್ಲ ಎಂಬ ಧೈರ್ಯದಲ್ಲಿ ಪಾಲು ಹೆಚ್ಚಿಸುವವರಿದ್ದಾರೆ. ಶೇ 10 ಇಳಿದರೆ ಮಾರುತ್ತೇನೆ, ತಡೆದುಕೊಳ್ಳುವುದು 1, ಹಾಗಾಗಿ ಪಾಲು 10. ನ್ಯಾಯಾಲಯದ ತೀರ್ಪು, ಔಷಧ ಪರೀಕ್ಷೆಯ ಫಲಿತಾಂಶ, ಲೆಕ್ಕಪರಿಶೋಧಕರ ರಾಜೀನಾಮೆ ಇಂಥವು ಬಹಳ ಸಲ ಮಾರುಕಟ್ಟೆ ಮುಚ್ಚಿದ ಮೇಲೆ ಬರುತ್ತವೆ. ಮರುದಿನದ ಮೊದಲ ಬೆಲೆಯೇ ಶೇ 35 ಕೆಳಗಿದ್ದರೆ ಹೋದದ್ದು 1 ಅಲ್ಲ, 3.5. ಹೀಗೆ ಒಂದೇ ಘಟನೆಯ ಮೇಲೆ ನಿಂತ ಹೂಡಿಕೆಯಲ್ಲಿ ಸ್ಟಾಪ್‌ಲಾಸ್ ಲೆಕ್ಕಕ್ಕೆ ಬಾರದು.

ಬೇಲಿ ಆಯಿತು. ಅದರೊಳಗೆ ನಂಬಿಕೆಗೆ ಮೂರೇ ಮೆಟ್ಟಿಲು ಸಾಕು: ಗರಿಷ್ಠ 6 ಎಂದಾದರೆ 2, 4, 6. ಇದಕ್ಕಿಂತ ನಯವಾದ ಅಳತೆ ನಮ್ಮ ಕೈಯಲ್ಲಿಲ್ಲ. ಶೇ 62 ಖಚಿತ ಎನ್ನುವುದಕ್ಕೂ ಶೇ 67 ಖಚಿತ ಎನ್ನುವುದಕ್ಕೂ ನಡುವಿನ ವ್ಯತ್ಯಾಸವನ್ನು ಮನಸ್ಸು ಗುರುತಿಸಲಾರದು. ಡಿಮಿಗೆಲ್, ಗಾರ್ಲಾಪಿ, ಉಪ್ಪಲ್ ಎಂಬ ಮೂವರು 2009ರಲ್ಲಿ ಪಾಲು ಹಂಚುವ 14 ಗಣಿತ ಮಾದರಿಗಳನ್ನು ಎಲ್ಲಕ್ಕೂ ಸಮಪಾಲು ಎಂಬ ಸರಳ ನಿಯಮದ ಜೊತೆ ಹೋಲಿಸಿದರು. ಯಾವ ಮಾದರಿಯೂ ಅದನ್ನು ಸತತವಾಗಿ ಹಿಂದೆ ಹಾಕಲಿಲ್ಲ. ಅಂದಾಜಿನಲ್ಲಿರುವ ತಪ್ಪು ಲೆಕ್ಕದ ನಾಜೂಕನ್ನು ನುಂಗಿಹಾಕುತ್ತದೆ.

ವಾರನ್ ಬಫೆಟ್ ಶೇ 40 ಹಾಕಿದ್ದರಲ್ಲ ಎಂದು ಕೇಳುವವರಿಗೆ: ತಮ್ಮ ಪಾಲುದಾರಿಕೆಯಲ್ಲಿ ಒಂದೇ ಷೇರಿಗೆ ಶೇ 40ರವರೆಗೆ ಹಾಕಬಹುದು ಎಂಬ ನಿಯಮವನ್ನು ಅವರು 1965ರಲ್ಲಿ ಸೇರಿಸಿದ್ದು ನಿಜ. ಆದರೆ ಅದಕ್ಕೆ ಷರತ್ತು ಎರಡಿದ್ದವು. ತಮ್ಮ ಮಾಹಿತಿ ಮತ್ತು ತರ್ಕ ಸರಿಯಿರುವ ಸಾಧ್ಯತೆ ಅತಿ ಹೆಚ್ಚಿರಬೇಕು. ಜೊತೆಗೆ ಕಂಪನಿಯ ಮೂಲ ಮೌಲ್ಯವನ್ನು ಬುಡಮೇಲು ಮಾಡುವಂಥದ್ದು ನಡೆಯುವ ಸಾಧ್ಯತೆ ಅತಿ ಕಡಿಮೆಯಿರಬೇಕು. ಜನ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆಯುತ್ತಾರೆ. ಆ ಎರಡನೆಯ ಷರತ್ತೇ ಇಲ್ಲಿ ಹೇಳುತ್ತಿರುವ ಬೇಲಿ.

ಬೇಲಿ ಸಣ್ಣದಾಯಿತು ಎಂಬ ಭಯಕ್ಕೂ ಆಧಾರವಿದೆ. ಶೇ 0.5ರಂತೆ ಎಪ್ಪತ್ತು ಷೇರು ಇಟ್ಟುಕೊಂಡರೆ, ಒಂದು ದುಪ್ಪಟ್ಟಾದರೂ ಒಟ್ಟು ಬಂಡವಾಳಕ್ಕೆ ಸೇರುವುದು ಶೇ 0.5 ಮಾತ್ರ. ಎಪ್ಪತ್ತು ಕಂಪನಿಗಳ ವರದಿ ಓದಲು ಯಾರಿಗೂ ಪುರುಸೊತ್ತಿಲ್ಲ. ಅಷ್ಟು ಹರಡುವುದಾದರೆ ಮಾರುಕಟ್ಟೆ ಸೂಚ್ಯಂಕದಲ್ಲಿರುವ ಷೇರುಗಳನ್ನೆಲ್ಲ ಒಟ್ಟಿಗೆ ಕೊಳ್ಳುವ ಸೂಚ್ಯಂಕ ನಿಧಿಯನ್ನೇ ಕೊಳ್ಳುವುದು ಮೇಲು. ಒಂದೊಂದು ಷೇರಿನ ಏರಿಳಿತ ವರ್ಷಕ್ಕೆ ಶೇ 35, ಅವುಗಳ ನಡುವಿನ ಸಹಸಂಬಂಧ (ಎಷ್ಟರಮಟ್ಟಿಗೆ ಒಟ್ಟಿಗೇ ಏರಿಳಿಯುತ್ತವೆ ಎಂಬ ಅಳತೆ; ಪೂರ್ತಿ ಒಟ್ಟಿಗಾದರೆ 1) 0.3 ಎಂದು ಹಿಡಿದರೆ, ಐದು ಷೇರಿನ ಗುಂಪಿನ ಏರಿಳಿತ ಶೇ 23ಕ್ಕೆ, ಹತ್ತರದ್ದು 21ಕ್ಕೆ, ಇಪ್ಪತ್ತರದ್ದು 20ಕ್ಕೆ ಬರುತ್ತದೆ. ಎಷ್ಟೇ ಸೇರಿಸಿದರೂ 19ಕ್ಕಿಂತ ಕೆಳಗಿಳಿಯದು.

ಐದು ಹೆಸರು, ಪಣ ಒಂದೇ

ಈ 0.3 ಎಂಬುದು ಸಲೀಸಾಗಿ 0.8 ಆಗಿಬಿಡುತ್ತದೆ. ಬ್ಯಾಂಕು, ಗೃಹಸಾಲ ಕಂಪನಿ, ಸಿಮೆಂಟ್, ಬಣ್ಣ, ಟೈಲ್ಸ್. ನೋಡಲು ಐದು ಉದ್ಯಮ, ನಿಂತಿರುವುದು ಮನೆ ಕಟ್ಟುವವರ ಮೇಲೆ. ಬಡ್ಡಿ ದರ ಏರಿದರೆ ಐದೂ ಒಂದೇ ವಾರ ಕೆಂಪಾಗುತ್ತವೆ. ಪ್ರತಿ ಹೂಡಿಕೆಯ ಎದುರು ಅದನ್ನು ಕೆಡವಬಲ್ಲ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಒಂದೇ ಕಾರಣವಿರುವುದನ್ನೆಲ್ಲ ಕೂಡಿಸಿ, ಆ ಮೊತ್ತಕ್ಕೂ ಒಂದು ಮಿತಿ ಹಾಕಿ. ನನ್ನ ಮಟ್ಟಿಗೆ ಶೇ 20ರ ಆಚೆಗೆ ಹೋಗುವುದು ಕ್ಷೇಮವಲ್ಲ.

ಈ ಕೂಡಿಕೆಯಲ್ಲಿ ಸಂಬಳವೂ ಸೇರಬೇಕು. ಅಮೆರಿಕದ ಎನ್ರಾನ್ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿಯಾದಾಗ ನೌಕರರು ಕೆಲಸವನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಅವರ ನಿವೃತ್ತಿ ಉಳಿತಾಯ ಯೋಜನೆಯ ಹಣದಲ್ಲಿ ಶೇ 60ಕ್ಕೂ ಹೆಚ್ಚು ಅದೇ ಕಂಪನಿಯ ಷೇರಿನಲ್ಲಿತ್ತು. ಕೆಲಸ ಮಾಡುವ ಕಂಪನಿಯನ್ನು ಒಳಗಿನಿಂದ ಬಲ್ಲೆ ಎಂಬ ನಂಬಿಕೆ ಸಹಜವೇ. ಆದರೆ ಅಲ್ಲಿ ತಪ್ಪಾದಾಗ ಗಾಯವನ್ನು ತುಂಬಬೇಕಾದ ಸಂಬಳವೂ ಅದೇ ದಿನ ನಿಲ್ಲುತ್ತದೆ.

ಹೊರಬರುವ ದಾರಿಯ ಅಗಲವನ್ನೂ ಅಳೆಯಬೇಕು. ದಿನಕ್ಕೆ ಸರಾಸರಿ 20,000 ಷೇರು ಕೈಬದಲಾಗುವ ಕಂಪನಿಯ 50,000 ಷೇರು ನಿಮ್ಮಲ್ಲಿವೆ ಎನ್ನೋಣ. ಬೆಲೆಯನ್ನು ನೀವೇ ಕೆಡವದಂತೆ ಮಾರಲು ದಿನದ ವಹಿವಾಟಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮಾರುವಂತಿಲ್ಲ, ಅಂದರೆ 2,000. ಪೂರ್ತಿ ಹೊರಬರಲು 25 ವಹಿವಾಟಿನ ದಿನ, ಐದು ವಾರ. ಇಂಥ ಷೇರಿನಲ್ಲಿ ಪಾಲಿನ ಗರಿಷ್ಠವನ್ನು ಅರ್ಧಕ್ಕಿಳಿಸಿ.

ಸಾಲದ ವಿಷಯ ಚಿಕ್ಕದಾಗಿ ಹೇಳಿದರೂ ಸಾಕು. ಮೇಲೆ ಹೇಳಿದ ಹಘಾನಿ ಅವರು ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ನಿಧಿಯ ಸ್ಥಾಪಕರಲ್ಲೊಬ್ಬರು. 1998ರ ಆರಂಭದಲ್ಲಿ ಆ ನಿಧಿಗೆ ಸುಮಾರು 470 ಕೋಟಿ ಡಾಲರ್ ಸ್ವಂತ ಬಂಡವಾಳ, ಸುಮಾರು 12,500 ಕೋಟಿ ಡಾಲರ್ ಸಾಲ. ಇಬ್ಬರು ನೊಬೆಲ್ ಪುರಸ್ಕೃತರು ಪಾಲುದಾರರು. ಆ ಸೆಪ್ಟೆಂಬರಿನಲ್ಲಿ 14 ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಅದನ್ನು ಕೈಗೆತ್ತಿಕೊಳ್ಳಬೇಕಾಯಿತು. ಸಾಲದ ಹಣದಲ್ಲಿ ಎಷ್ಟು ದಿನ ಕಾಯಬಹುದು ಎಂಬುದನ್ನು ಸಾಲ ಕೊಟ್ಟವರು ನಿರ್ಧರಿಸುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಕೊಂಡ ಮೇಲೆ

ಬೆಲೆ ಇಳಿದಾಗ ಇನ್ನಷ್ಟು ಕೊಂಡು ಸರಾಸರಿ ಇಳಿಸುವ, ಆವರೇಜ್ ಮಾಡುವ ಅಭ್ಯಾಸದಲ್ಲಿ ಒಂದು ಕಣ್ಕಟ್ಟಿದೆ. ಶೇ 5 ಹಾಕಿದ್ದು ಅರ್ಧಕ್ಕೆ ಬಿದ್ದರೆ ಈಗ ಕಾಣುವ ಪಾಲು ಸುಮಾರು 2.5. ಜಾಗವಿದೆ ಎನಿಸಿ 2.5 ಸೇರಿಸುತ್ತಾರೆ. ಮತ್ತೆ ಅರ್ಧ ಬಿದ್ದರೆ ಮತ್ತೆ ಅಷ್ಟೇ. ಪ್ರತಿ ಸಲವೂ ಪಾಲು 5ನ್ನು ದಾಟಿಲ್ಲ, ಒಟ್ಟು ಸುರಿದದ್ದು ಮಾತ್ರ 10. ಹಾಗಾಗಿ ಮಿತಿಯನ್ನು ಈಗಿನ ಬೆಲೆಯಲ್ಲಿ ಅಳೆಯದೆ, ಆ ಹೆಸರಿಗೆ ಇದುವರೆಗೆ ಹಾಕಿದ ಒಟ್ಟು ಹಣದಲ್ಲಿ ಅಳೆಯಬೇಕು. ಮೊದಲ ಖರೀದಿ ಪೂರ್ತಿ ಮಿತಿಯ ಅರ್ಧವಿರಲಿ. ಉಳಿದರ್ಧ ಹಾಕಲು ಹೊಸ ಪುರಾವೆ ಬೇಕು. ಬೆಲೆ ಇಳಿದದ್ದು ಪುರಾವೆಯಲ್ಲ.

ಏರಿದಾಗಿನ ಸಮಸ್ಯೆ ಇದಕ್ಕಿಂತ ಜಟಿಲ, ಇದಕ್ಕೆ ನಿಖರ ಉತ್ತರ ಯಾರಲ್ಲೂ ಇಲ್ಲವೆಂದೇ ನನ್ನ ಅನಿಸಿಕೆ. ಶೇ 5ರ ಷೇರು ಮೂರು ಸಲ ದುಪ್ಪಟ್ಟಾಗಿ, ಉಳಿದವು ಇದ್ದಲ್ಲೇ ಇದ್ದರೆ, 135ರಲ್ಲಿ 40 ಅದರದೇ, ಹತ್ತಿರಹತ್ತಿರ ಶೇ 30. ಅಲ್ಲಿಂದ ಅದು ಅರ್ಧವಾದರೆ ಒಟ್ಟು ಬಂಡವಾಳ ಶೇ 15 ಕುಗ್ಗುತ್ತದೆ. ಹಾಗೆಂದು ಏರಿದ್ದನ್ನು ಕೂಡಲೇ ಕತ್ತರಿಸುವುದಕ್ಕೂ ಬೆಲೆಯಿದೆ. ಹೆಂಡ್ರಿಕ್ ಬೆಸೆಂಬೈಂಡರ್ 1926ರಿಂದ 2016ರವರೆಗಿನ ಅಮೆರಿಕದ ಷೇರುಗಳನ್ನೆಲ್ಲ ಲೆಕ್ಕಹಾಕಿದಾಗ, ಸರ್ಕಾರದ ಅಲ್ಪಾವಧಿ ಸಾಲಪತ್ರಗಳನ್ನು ಮೀರಿ ಮಾರುಕಟ್ಟೆ ಸೃಷ್ಟಿಸಿದ ಅಷ್ಟೂ ಸಂಪತ್ತು ಸುಮಾರು ಶೇ 4 ಕಂಪನಿಗಳಿಂದಲೇ ಬಂದಿತ್ತು. ಆ ಶೇ 4ರಲ್ಲಿ ಒಂದು ಕೈಗೆ ಸಿಕ್ಕಿದ್ದಾಗ ದುಪ್ಪಟ್ಟಿಗೇ ಮಾರಿದರೆ ಉಳಿದ ಲೆಕ್ಕವೆಲ್ಲ ಬರಡು. ಅಂಥವುಗಳೂ ದಾರಿಯಲ್ಲಿ ಭೀಕರವಾಗಿ ಬೀಳುತ್ತವೆ: ಅಮೆಜಾನ್ ಷೇರು 1999ರ ಡಿಸೆಂಬರಿನ ಎತ್ತರದಿಂದ 2001ರ ಹೊತ್ತಿಗೆ ಶೇ 90ಕ್ಕಿಂತ ಹೆಚ್ಚು ಕುಸಿದಿತ್ತು. ಏರಿದ್ದನ್ನು ಬೆಲೆ ನೋಡಿ ಮಾರಬೇಡಿ. ನಾಳೆ ಇದು ಅರ್ಧವಾದರೆ ಒಟ್ಟು ಬಂಡವಾಳದಲ್ಲಿ ಎಷ್ಟು ಹೋಗುತ್ತದೆ ಎಂಬ ಸಂಖ್ಯೆ ಶೇ 10 ದಾಟಿದಾಗ, ದಾಟಿದಷ್ಟನ್ನು ಮಾತ್ರ ಇಳಿಸಿ. ಅಂದರೆ ಪಾಲು 20ರವರೆಗೆ ಬೆಳೆಯಲು ಬಿಡಿ.

ಇಷ್ಟೆಲ್ಲದರ ನಡುವೆ ನಂಬಿಕೆಯನ್ನೂ ಅಳೆಯುತ್ತಿರಬೇಕು. ಕೊಳ್ಳುವ ದಿನವೇ ಒಂದು ಹಾಳೆಯಲ್ಲಿ ನಾಲ್ಕು ಸಾಲು: ಏನು ನಡೆಯುತ್ತದೆಂದು ನಂಬಿದ್ದೇನೆ, ಯಾವ ದಿನಾಂಕದೊಳಗೆ, ಶೇ ಎಷ್ಟು ಖಚಿತ, ಏನು ಕಂಡರೆ ತಪ್ಪೆಂದು ಒಪ್ಪುತ್ತೇನೆ. 'ಒಳ್ಳೆಯ ಕಂಪನಿ' ಎಂದು ಬರೆದರೆ ಪ್ರಯೋಜನವಿಲ್ಲ. 'ಎರಡು ವರ್ಷದಲ್ಲಿ ಮಾರಾಟ ಶೇ 30 ಹೆಚ್ಚುತ್ತದೆ, ಸಾಲ ಹೆಚ್ಚುವುದಿಲ್ಲ' ಎಂಬಂತಿರಬೇಕು. ಹವಾಮಾನ ತಜ್ಞ ಗ್ಲೆನ್ ಬ್ರಿಯರ್ 1950ರಲ್ಲಿ ಕೊಟ್ಟ ಅಂಕವನ್ನು ಇಲ್ಲಿ ಬಳಸಬಹುದು. ಹೇಳಿದ ಸಾಧ್ಯತೆಯಿಂದ ಫಲಿತಾಂಶವನ್ನು, ಅಂದರೆ ನಡೆದರೆ 1, ಇಲ್ಲದಿದ್ದರೆ 0, ಕಳೆದು ವರ್ಗ ಮಾಡಿ ಸರಾಸರಿ ತೆಗೆಯಿರಿ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಎಲ್ಲಕ್ಕೂ ಕಣ್ಣುಮುಚ್ಚಿ ಶೇ 50 ಎಂದವರಿಗೂ 0.25 ಸಿಗುತ್ತದೆ, ನಿಮ್ಮದು ಅದಕ್ಕಿಂತ ಹೆಚ್ಚಿದ್ದರೆ ನಂಬಿಕೆಯ ಮೆಟ್ಟಿಲುಗಳನ್ನು ತೆಗೆದುಹಾಕಿ ಎಲ್ಲಕ್ಕೂ ಸಮಪಾಲು ಕೊಡುವುದೇ ಸರಿ. ಶೇ 80 ಖಚಿತ ಎಂದ 20 ಅಂದಾಜುಗಳಲ್ಲಿ 16 ನಿಜವಾಗಬೇಕು. 13ಕ್ಕೆ ಇಳಿದರೆ ದುರದೃಷ್ಟವೂ ಇರಬಹುದು. 10ಕ್ಕೆ ಇಳಿದರೆ ಅದು ಅತಿನಂಬಿಕೆಯೇ.

ಈಗಾಗಲೇ ಒಂದೇ ಷೇರಿನಲ್ಲಿ ಶೇ 40 ಸೇರಿಹೋಗಿದೆ ಎನ್ನುವವರು ಒಂದೇ ದಿನದಲ್ಲಿ ಮಾರಲು ಮನಸ್ಸಾಗದೆ, ಬೆಲೆ ಹಳೆಯ ಎತ್ತರಕ್ಕೆ ಮರಳಲಿ ಎಂದು ಕಾಯುತ್ತ ಕೂರುತ್ತಾರೆ. ಬೆಲೆಗೆ ಬದಲು ದಿನಾಂಕ ಗೊತ್ತುಮಾಡಿಕೊಳ್ಳಿ. ತೆರಿಗೆ ಎಷ್ಟು ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ, ಪ್ರತಿ ತಿಂಗಳ ಮೊದಲ ವಹಿವಾಟಿನ ದಿನ ಒಟ್ಟು ಬಂಡವಾಳದ ಶೇ 5ರಷ್ಟನ್ನು ಮಾರಿ. ನಡುವೆ ಬೆಲೆ ತಟ್ಟನೆ ಏರಿಳಿಯದಿದ್ದರೆ ನಾಲ್ಕು ತಿಂಗಳಲ್ಲಿ 20ಕ್ಕೆ ಬರುತ್ತದೆ. ಆ ದಿನಗಳಂದು ಬೆಲೆ ಏರಿದೆಯೋ ಇಳಿದಿದೆಯೋ ನೋಡದೆ ಮಾರುವುದು ಕಷ್ಟ. ಸಾಧ್ಯವಿದ್ದರೆ ಆ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ, ತಾರೀಕು ಬರೆದ ಚೀಟಿಯ ಜೊತೆ, ಒಪ್ಪಿಸಿಬಿಡಿ.